ಶಿರಸಿಯಲ್ಲಿ ಕೂತು ‘ಘಟಶ್ರಾದ್ಧ’ ನೋಡೋದು ಹೇಗೆ?

ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ಹಳೆ ಕನ್ನಡ ಸಿನಿಮಾ ‘ಘಟಶ್ರಾದ್ಧ’ ಮನೆಯಲ್ಲೇ ನೋಡಬೇಕು, ಯಾವ ಆ್ಯಪ್‌ನಲ್ಲೂ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ನಾನೂ ಶಿರಸಿ ಕಡೆಯವನೇ. ಹೋದ ಮಳೆಗಾಲದಲ್ಲಿ ಆಯಿಗೋಸ್ಕರ ಇದನ್ನೇ ಹುಡುಕಿದ್ದೆ. ಅವಳ ಕಾಲದಲ್ಲಿ ಇಂಥ ಸಿನಿಮಾ ನೋಡಬೇಕು ಅಂದರೆ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಇತ್ತು. ಈಗ ಎಲ್ಲ ಕೈಯಲ್ಲಿರುವ ಮೊಬೈಲ್‌ನಲ್ಲೇ ಇದೆ ಅನ್ನುತ್ತಾರೆ. ಹುಡುಕಿದರೆ ತಾನೇ ಗೊತ್ತಾಗೋದು!

ಮೊದಲ ತೊಡಕು ಹೆಸರಿನದ್ದು. ಇಂಗ್ಲಿಷ್‌ನಲ್ಲಿ ಬರೆಯುವಾಗ ಡಿ ಒಂದೋ ಎರಡೋ, ಆಮೇಲೆ ಎಚ್ ಇದೆಯೋ ಇಲ್ಲವೋ, ಒಬ್ಬೊಬ್ಬರದು ಒಂದೊಂದು ಥರ. ಹೊರದೇಶಗಳಲ್ಲಿ ಇದಕ್ಕೆ ‘ದಿ ರಿಚುವಲ್’ ಅನ್ನುತ್ತಾರೆ. ಬರೀ ಅಷ್ಟೇ ಹಾಕಿದರೆ ಯಾವುದೋ ಇಂಗ್ಲಿಷ್ ಭೂತದ ಸಿನಿಮಾ ಎದುರು ಬಂದು ನಿಲ್ಲುತ್ತದೆ. ಜೊತೆಗೆ ‘ಕಾಸರವಳ್ಳಿ 1977’ ಅಂತ ಸೇರಿಸಿ. ಕನ್ನಡ ಅಕ್ಷರದಲ್ಲೂ ಒಮ್ಮೆ ಹುಡುಕಿ.

ಯಾವ ಸಿನಿಮಾ ಯಾವ ಆ್ಯಪ್‌ನಲ್ಲಿದೆ ಅಂತ ಹೇಳೋಕೇ ಜಸ್ಟ್‌ವಾಚ್ ಅನ್ನೋ ತಾಣವಿದೆ, ಪುಕ್ಕಟೆ. ದೇಶ ‘ಇಂಡಿಯಾ’ ಅಂತ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅಮೆರಿಕದ ಲೆಕ್ಕ ಹೇಳುತ್ತದೆ. ಅಲ್ಲಿ ಇಲ್ಲ ಅಂದ ಕೂಡಲೇ ಕೈ ಬಿಡಬೇಡಿ, ಯೂಟ್ಯೂಬ್ ಬೇರೆಯಾಗಿ ನೋಡಿ. ಯಾರು ಹಾಕಿದ್ದಾರೆ, ಎಷ್ಟು ಹೊತ್ತಿನದು ಅನ್ನೋದನ್ನು ಮೊದಲೇ ಗಮನಿಸಿ. ಕೆಲವರು ಹಳೆ ಚೌಕ ಚಿತ್ರವನ್ನು ಟಿವಿಗೆ ಸರಿಯಾಗಲಿ ಅಂತ ಅಡ್ಡಕ್ಕೆ ಎಳೆದಿರುತ್ತಾರೆ. ಎಲ್ಲರ ಮುಖವೂ ಹಲಸಿನಕಾಯಿ.

ಈ ಸಿನಿಮಾಕ್ಕಂತೂ ಸ್ವಲ್ಪ ಕಾಯೋದೇ ಒಳ್ಳೇದು ಅಂತ ನನಗನಿಸುತ್ತದೆ. ಹಳೆ ಸಿನಿಮಾಗಳನ್ನು ಉಳಿಸುವ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇದರ ಪ್ರಿಂಟ್ ಸರಿಪಡಿಸಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕಪ್ಪು-ಬಿಳುಪು ಸಿನಿಮಾ, ಕತ್ತಲೆಯ ದೃಶ್ಯ ಜಾಸ್ತಿ. ಮಸುಕು ಪ್ರತಿಯಲ್ಲಿ ಅರ್ಧ ಕಾಣೋದೇ ಇಲ್ಲ, ಅಲ್ವಾ?

ಇನ್ನೊಂದು, ಯಾವುದಾದರೂ ಆ್ಯಪ್‌ನಲ್ಲಿ ಬಾಡಿಗೆಗೆ ಸಿಕ್ಕರೆ ಶುರು ಮಾಡೋಕೆ ಅವಸರ ಮಾಡಬೇಡಿ. ಸಾಮಾನ್ಯವಾಗಿ ನೋಡೋಕೆ ಶುರು ಮಾಡಲು 30 ದಿನ ಇರುತ್ತದೆ, ಶುರು ಮಾಡಿದ ಮೇಲೆ ಬರೀ 48 ಗಂಟೆ. ನಾನು ಹುಡುಕಿ ಸೋತು ಆಯಿಗೆ ಒಂದು ಹಳೆ ಹಿಂದಿ ಸಿನಿಮಾ ಬಾಡಿಗೆಗೆ ತೆಗೆದೆ. ಅರ್ಧ ಆಗುವಷ್ಟರಲ್ಲಿ ಗಾಳಿಮಳೆಗೆ ತಂತಿ ಮೇಲೆ ಮರ ಬಿತ್ತು. ಕರೆಂಟ್ ಬಂದಿದ್ದು ಮೂರನೇ ದಿನ, ಅಷ್ಟರಲ್ಲಿ ಬಾಡಿಗೆ ಮುಗಿದಿತ್ತು. ‘ಉಳಿದ ಕಥೆ ನೀನೇ ಹೇಳು ತಮಾ’ ಅಂದಳು ಆಯಿ.