ಕೇಳೋರೇ ಇಲ್ಲದ ಇಂಟರಪ್ಟ್

ಪ್ರಶ್ನೆ: ಸರ್, ನನ್ನ ಹಳೇ ಡೆಸ್ಕ್‌ಟಾಪ್‌ನಲ್ಲಿ ಉಬುಂಟು ಇದೆ. ಮನೆಯಲ್ಲಿ ಬಿದ್ದಿದ್ದ ಪಿಸಿಐ ಸೌಂಡ್ ಕಾರ್ಡ್ ಒಂದನ್ನು ಎಸೆಯಲು ಮನಸ್ಸಾಗದೆ ಅದಕ್ಕೆ ಸಿಕ್ಕಿಸಿದೆ. ಅಲ್ಲಿಂದ ತೊಂದರೆ ಶುರು. ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮೌಸ್ ಕುಂಟುತ್ತದೆ. ಕರ್ನಲ್ (ಉಬುಂಟುವಿನ ತಿರುಳಾದ ಲಿನಕ್ಸ್) ಲಾಗ್‌ನಲ್ಲಿ ‘ಐಆರ್‌ಕ್ಯೂ 16: ನೋಬಡಿ ಕೇರ್ಡ್’ ಎಂದು ಬಂದು, ಕೊನೆಗೆ ‘ಡಿಸೇಬ್ಲಿಂಗ್ ಐಆರ್‌ಕ್ಯೂ 16’ ಎಂದಿದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಮೌಸ್ ಬದಲಾಯಿಸಿ ನೋಡಿದೆ, ಪ್ರಯೋಜನ ಇಲ್ಲ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೌಸ್‌ಗೆ ಕೊಟ್ಟ ದುಡ್ಡು ದಂಡ. ಪಾಪ, ಅದರ ತಪ್ಪೇನೂ ಇಲ್ಲ, ಸಹವಾಸ ದೋಷ ಅಷ್ಟೆ.

ಡಿವೈಸೊಂದು ‘ನನ್ನ ಕಡೆ ನೋಡು’ ಅಂತ ಸಿಪಿಯುವನ್ನು ಕರೆಯುವ ಸಂಕೇತವೇ ಇಂಟರಪ್ಟ್, ಆ ಕರೆ ಬರುವ ಲೈನ್‌ನ ನಂಬರೇ ಐಆರ್‌ಕ್ಯೂ. 1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್‌ಗೆ ಅಂತ ಇದ್ದದ್ದು ಒಂದೇ ಚಿಪ್, ಎಂಟು ಲೈನ್. 1984ರ ಎಟಿ ಮಾಡೆಲ್‌ನಲ್ಲಿ ಎರಡು ಚಿಪ್ ಜೋಡಿಸಿ ಬಳಸಲು ಹದಿನೈದು ಲೈನ್ ಸಿಗುವಂತೆ ಮಾಡಿದರು. ಆಗ ಒಂದು ಲೈನ್‌ಗೆ ಒಂದು ಡಿವೈಸ್ ಅನ್ನೋದೇ ಪದ್ಧತಿ. ಸೌಂಡ್ ಕಾರ್ಡ್‌ಗೆ 5 ಕೊಡೋದಾ 7 ಕೊಡೋದಾ ಅಂತ ಜಂಪರ್ ಕಿತ್ತು ಹಾಕುತ್ತಿದ್ದ ಕಾಲ ಅದು. ಪಿಸಿಐ ಬಂದ ಮೇಲೆ ಲೈನ್ ಹಂಚಿಕೊಳ್ಳುವುದು ಶುರುವಾಯಿತು. ಒಂದು ಸ್ಲಾಟ್‌ಗೆ ಎ, ಬಿ, ಸಿ, ಡಿ ಎಂದು ನಾಲ್ಕೇ ಇಂಟರಪ್ಟ್ ಪಿನ್, ಅವೂ ಬೇರೆ ಸ್ಲಾಟ್‌ಗಳ ಪಿನ್ ಜೊತೆ ಸೇರಿಕೊಂಡಿರುತ್ತವೆ. ಹಾಗಾಗಿ ನಿಮ್ಮ 16ನೇ ಲೈನ್‌ನಲ್ಲಿ (ಲೈನ್‌ಗಳ ಸಂಖ್ಯೆ ಆಮೇಲೆ ಹೆಚ್ಚಿತು) ಸೌಂಡ್ ಕಾರ್ಡೂ ಇದೆ, ಮೌಸ್ ನೇತಾಡುತ್ತಿರುವ ಯುಎಸ್‌ಬಿ ಕಂಟ್ರೋಲರೂ ಇದೆ.

ನಾಲ್ಕು ಮನೆಯ ವಠಾರಕ್ಕೆ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ ಇದು. ಬೆಲ್ ಆಯಿತು ಅಂತ ಗೊತ್ತಾಗುತ್ತದೆ, ಯಾರ ಮನೆಗೆ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಕರ್ನಲ್ ಆ ಲೈನ್‌ನಲ್ಲಿ ಹೆಸರು ಬರೆಸಿರುವ ಪ್ರತಿ ಡ್ರೈವರ್‌ನ ಹ್ಯಾಂಡ್ಲರನ್ನೂ (ಇಂಟರಪ್ಟ್ ಬಂದಾಗ ಓಡುವ ಕೋಡ್) ಒಂದಾದ ಮೇಲೊಂದು ಕರೆಯುತ್ತದೆ. ಡ್ರೈವರ್ ತನ್ನ ಡಿವೈಸ್‌ನ ಸ್ಟೇಟಸ್ ರಿಜಿಸ್ಟರ್ ಓದಬೇಕು, ತನ್ನದಾದರೆ ಕೆಲಸ ಮುಗಿಸಿ ಡಿವೈಸನ್ನು ಸುಮ್ಮನಾಗಿಸಬೇಕು, ತನ್ನದಲ್ಲದಿದ್ದರೆ ‘ನನ್ನದಲ್ಲ’ ಅಂತ ನಿಯತ್ತಾಗಿ ಹೇಳಿ ವಾಪಸ್ ಬರಬೇಕು. ಈ ನಿಯತ್ತಿನ ಮೇಲೇ ಇಡೀ ವ್ಯವಸ್ಥೆ ನಿಂತಿರುವುದು.

ಈಗ ಎಲ್ಲರೂ ‘ನನ್ನದಲ್ಲ’ ಅಂದರೆ? ಪಿಸಿಐ ಲೈನ್ ಒಮ್ಮೆ ಎಳೆದು ಬಿಟ್ಟರೆ ಮುಗಿಯುವಂಥದ್ದಲ್ಲ, ಡಿವೈಸ್ ಬಿಡುವ ತನಕ ಎಳೆದೇ ಇರುತ್ತದೆ. ಹ್ಯಾಂಡ್ಲರ್‌ಗಳೆಲ್ಲ ಮುಗಿದು ಸಿಪಿಯು ತನ್ನ ಕೆಲಸಕ್ಕೆ ಮರಳುವಷ್ಟರಲ್ಲಿ ಮತ್ತೆ ಅದೇ ಇಂಟರಪ್ಟ್, ಮತ್ತೆ ಎಲ್ಲರನ್ನೂ ಕೇಳು, ಮತ್ತೆ ಯಾರದ್ದೂ ಅಲ್ಲ. ಹೀಗೇ ಬಿಟ್ಟರೆ ಸಿಪಿಯು ಬೇರೇನೂ ಮಾಡದೆ ಇದರಲ್ಲೇ ಮುಳುಗಿಹೋಗುತ್ತದೆ. ಅದಕ್ಕೆ ಲಿನಕ್ಸ್ ಲೆಕ್ಕ ಇಡುತ್ತದೆ. ಒಂದು ಲೈನ್‌ನಲ್ಲಿ ಬಂದ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಯಾರದ್ದೂ ಅಲ್ಲದವು ಅಂತಾದರೆ ಆ ಲೈನನ್ನೇ ಮುಚ್ಚಿಬಿಡುತ್ತದೆ. ನೀವು ಲಾಗ್‌ನಲ್ಲಿ ನೋಡಿದ್ದು ಅದನ್ನೇ. ಲೈನ್ ಮುಚ್ಚಿದ ಮೇಲೆ ಅದರಲ್ಲಿದ್ದ ಯುಎಸ್‌ಬಿಗೂ ದಾರಿ ಇಲ್ಲ. ಪೂರ್ತಿ ಕೈಬಿಡಬಾರದು ಅಂತ ಕರ್ನಲ್ ಸೆಕೆಂಡಿಗೆ ಹತ್ತು ಸಲ ತಾನೇ ಹೋಗಿ ವಿಚಾರಿಸಿಕೊಂಡು ಬರುತ್ತದೆ. ಮೌಸ್ ಕುಂಟುತ್ತದೆ ಅಂದಿರಲ್ಲ, ಅದು ಈ ಹತ್ತರ ಲೆಕ್ಕದಲ್ಲಿ ಹೆಜ್ಜೆ ಹಾಕುತ್ತಿದೆ.

ಕಳ್ಳ ಯಾರು? ನನ್ನ ಅನುಮಾನ ಸೌಂಡ್ ಕಾರ್ಡಿಗಿಂತ ಅದರ ಹಿಂದಿರುವ ಬ್ರಿಜ್ ಚಿಪ್ ಮೇಲೆ. ಪಿಸಿಐನ ಹೊಸ ರೂಪವಾದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಇಂಟರಪ್ಟ್‌ಗೆ ವೈರೇ ಇಲ್ಲ. ‘ಎಳೆದೆ’ ಅಂತ ಒಂದು ಮೆಸೇಜ್, ‘ಬಿಟ್ಟೆ’ ಅಂತ ಇನ್ನೊಂದು ಮೆಸೇಜ್ ಹೋಗುತ್ತದೆ. ಹಳೇ ಪಿಸಿಐ ಕಾರ್ಡನ್ನು ಎಕ್ಸ್‌ಪ್ರೆಸ್‌ಗೆ ಜೋಡಿಸುವ ಕೆಲವು ಬ್ರಿಜ್ ಚಿಪ್‌ಗಳು ಈ ಎರಡನೇ ಮೆಸೇಜನ್ನು ಒಮ್ಮೊಮ್ಮೆ ಕಳಿಸುವುದೇ ಇಲ್ಲ. ಕಾರ್ಡ್ ಕೆಲಸ ಮುಗಿಸಿ ಸುಮ್ಮನೆ ಕೂತಿರುತ್ತದೆ, ಡ್ರೈವರ್ ನಿಜವನ್ನೇ ಹೇಳುತ್ತಿರುತ್ತದೆ, ಆದರೂ ಲೈನ್ ಎಳೆದೇ ಇದೆ ಅಂತ ಕರ್ನಲ್‌ಗೆ ಕಾಣುತ್ತದೆ. ನಿಮ್ಮದರಂತೆ ಸ್ವಲ್ಪ ಹೊತ್ತು ಓಡಿ ಆಮೇಲೆ ಕೈಕೊಡುವುದು ಇದರ ಲಕ್ಷಣವೇ. ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ತಿಳಿಸುವ ಎಸಿಪಿಐ ಟೇಬಲ್‌ನಲ್ಲಿ ‘ಈ ಸ್ಲಾಟ್‌ನ ಈ ಪಿನ್ ಇಂಥ ಲೈನ್‌ಗೆ’ ಅಂತ ಬಯೋಸ್ ತಪ್ಪು ಬರೆದಿದ್ದರೂ ಇದೇ ಮೆಸೇಜ್ ಬರುತ್ತದೆ, ಆದರೆ ಆಗ ಬೂಟ್ ಆದ ಸ್ವಲ್ಪ ಹೊತ್ತಿಗೇ ಗಲಾಟೆ ಶುರುವಾಗುವುದು ಜಾಸ್ತಿ.

ಮೊದಲು ಪ್ರಾಕ್ ಫೋಲ್ಡರಿನ ಇಂಟರಪ್ಟ್ಸ್ ಫೈಲ್ ತೆರೆದು 16ರ ಸಾಲಿನಲ್ಲಿ ಯಾರ್ಯಾರ ಹೆಸರಿದೆ ನೋಡಿ. ಆಮೇಲೆ ಮೌಸನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್‌ಗೆ ಹಾಕಿ ನೋಡಿ. ಅದರ ಕಂಟ್ರೋಲರ್ ಸಾಮಾನ್ಯವಾಗಿ ಎಂಎಸ್‌ಐ ಬಳಸುತ್ತದೆ. ಅಂದರೆ ಲೈನ್ ಎಳೆಯುವ ಬದಲು ಗೊತ್ತಾದ ಮೆಮೊರಿ ವಿಳಾಸಕ್ಕೆ ಒಂದು ಸಂಖ್ಯೆ ಬರೆಯುತ್ತದೆ. ಪ್ರತಿ ಡಿವೈಸ್‌ಗೆ ತನ್ನದೇ ಸಂಖ್ಯೆ, ಹಂಚಿಕೊಳ್ಳುವ ರಗಳೆಯೇ ಇಲ್ಲ. ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿದರೂ ಲೈನ್ ಬದಲಾಗುವ ಸಾಧ್ಯತೆ ಇದೆ. ಬಯೋಸ್ ಅಪ್‌ಡೇಟ್ ಇದ್ದರೆ ಅದನ್ನೂ ಹಾಕಿಕೊಳ್ಳಿ. ಲಾಗ್ ತಾನೇ ಸೂಚಿಸುವ ‘ಐಆರ್‌ಕ್ಯೂಪೋಲ್’ ಆಯ್ಕೆ ನನಗೆ ಇಷ್ಟ ಇಲ್ಲ. ಟೈಮರ್ ಬಡಿದಾಗಲೆಲ್ಲ ಎಲ್ಲ ಹ್ಯಾಂಡ್ಲರ್‌ಗಳನ್ನೂ ಎಬ್ಬಿಸುವ ಆ ಉಪಾಯದಿಂದ ಮೆಷಿನ್ ನಿಧಾನವಾಗುತ್ತದೆ, ರೋಗ ಹಾಗೇ ಉಳಿಯುತ್ತದೆ. ನಿಜ ಹೇಳಬೇಕೆಂದರೆ, ಅಗ್ಗದ ಯುಎಸ್‌ಬಿ ಸೌಂಡ್ ಅಡಾಪ್ಟರ್ ತಗೊಂಡು ಆ ಕಾರ್ಡನ್ನು ಕಪಾಟಿಗೆ ಕಳಿಸಿದರೆ ಎಲ್ಲರಿಗೂ ನೆಮ್ಮದಿ.

ಪ್ರಶ್ನೆ: ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸಿಸ್ಟಮ್ ಇಂಟರಪ್ಟ್ಸ್’ ಅನ್ನುವುದು ಸಿಪಿಯು ತಿನ್ನುತ್ತಿದೆ. ವೈರಸ್ಸಾ? ಎಂಡ್ ಟಾಸ್ಕ್ ಕೊಟ್ಟರೂ ಹೋಗುತ್ತಿಲ್ಲ.
— ಹೆಸರು ಬೇಡ, ಹಾಸನ

ಉತ್ತರ: ವೈರಸ್ ಅಲ್ಲ, ಪ್ರೋಗ್ರಾಮೂ ಅಲ್ಲ. ಇಂಟರಪ್ಟ್‌ಗಳಿಗೆ ಖರ್ಚಾದ ಸಮಯವನ್ನು ತೋರಿಸಲು ವಿಂಡೋಸ್ ಇಟ್ಟ ಒಂದು ಸಾಲು ಅದು, ಕೊಲ್ಲಲು ಅಲ್ಲಿ ಏನೂ ಇಲ್ಲ. ಅಪರೂಪಕ್ಕೆ ಒಂದೆರಡು ಪರ್ಸೆಂಟ್ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಸದಾ ಜಾಸ್ತಿ ಇದ್ದರೆ ಯಾವುದೋ ಡಿವೈಸ್ ಅಥವಾ ಅದರ ಡ್ರೈವರ್ ಹಾಳಾಗಿದೆ. ಹೊರಗಿನ ಯುಎಸ್‌ಬಿ ಸಾಮಾನುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ, ಸೌಂಡ್ ಇವನ್ನು ಒಂದೊಂದೇ ಡಿಸೇಬಲ್ ಮಾಡಿ. ಯಾವುದನ್ನು ತೆಗೆದಾಗ ಇಳಿಯಿತೋ ಅದರ ಡ್ರೈವರ್ ಬದಲಾಯಿಸಿ.

ಪ್ರಶ್ನೆ: ಮೇಷ್ಟ್ರೇ, ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ರಾಸ್ಪ್‌ಬೆರಿ ಪೈ 4ರಲ್ಲಿ ಡ್ರೈವರ್ ಬರೆಯಲು ಕಲಿಯುತ್ತಿದ್ದೇನೆ. ಯುಆರ್ಟ್‌ನ (ಸೀರಿಯಲ್ ಪೋರ್ಟ್) ಇಂಟರಪ್ಟ್ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಪಟ್ಟಿ) 121 ಅಂತಿದೆ, ಇಂಟರಪ್ಟ್ಸ್ ಫೈಲಿನಲ್ಲಿ 153 ಅಂತಿದೆ, ಅದೇ ಸಾಲಿನ ಮೊದಲಲ್ಲಿ ಇನ್ನೂ ಬೇರೆಯೇ ಸಂಖ್ಯೆ ಇದೆ. ಯಾವುದು ಸರಿ? ಇನ್ನೊಂದು, ಐಟುಸಿ (ಎರಡು ವೈರಿನ ನಿಧಾನ ಸಂಪರ್ಕ) ಟಚ್ ಸೆನ್ಸರ್‌ಗೆ ನಾನು ಬರೆದ ಹ್ಯಾಂಡ್ಲರ್ ‘ಷೆಡ್ಯೂಲಿಂಗ್ ವೈಲ್ ಅಟಾಮಿಕ್’ ಅಂತ ಬೈಯುತ್ತಿದೆ.
— ವಿದ್ಯಾರ್ಥಿ, ಸುರತ್ಕಲ್

ಉತ್ತರ: ಮೂರೂ ಸರಿ. ಪೈ 4ರಲ್ಲಿರುವುದು ಆರ್ಮ್‌ನ ಜಿಐಸಿ ಅನ್ನುವ ಇಂಟರಪ್ಟ್ ಕಂಟ್ರೋಲರ್. ಅದರಲ್ಲಿ 0ರಿಂದ 15 ಕೋರ್‌ಗಳು ಪರಸ್ಪರ ಕರೆಯಲು, 16ರಿಂದ 31 ಪ್ರತಿ ಕೋರ್‌ನ ಸ್ವಂತ ಟೈಮರ್ ಮುಂತಾದವಕ್ಕೆ. ಹೊರಗಿನ ಡಿವೈಸ್‌ಗಳ ಸರದಿ 32ರಿಂದ ಶುರು. ಡಿವೈಸ್ ಟ್ರೀ ಈ 32 ಬಿಟ್ಟು ಎಣಿಸುತ್ತದೆ, 121ಕ್ಕೆ 32 ಸೇರಿಸಿ, 153 ಬಂತು. ಸಾಲಿನ ಮೊದಲ ಸಂಖ್ಯೆ ಲಿನಕ್ಸ್ ತನ್ನ ಅನುಕೂಲಕ್ಕೆ ಕೊಟ್ಟುಕೊಂಡದ್ದು. ಯಾವ ಕಂಟ್ರೋಲರ್‌ನ ಯಾವ ನಂಬರ್‌ಗೆ ತನ್ನ ಯಾವ ನಂಬರ್ ಅನ್ನುವ ಲೆಕ್ಕವನ್ನು ‘ಐಆರ್‌ಕ್ಯೂ ಡೊಮೈನ್’ ಇಟ್ಟುಕೊಂಡಿರುತ್ತದೆ. ಆ ಸಂಖ್ಯೆ ಮುಂದಿನ ಬೂಟ್‌ಗೆ ಬದಲಾಗಬಹುದು, ಆದ್ದರಿಂದ ಕೋಡ್‌ನಲ್ಲಿ ಯಾವ ನಂಬರನ್ನೂ ನೇರ ಬರೆಯಬೇಡಿ, ‘ಪ್ಲಾಟ್‌ಫಾರ್ಮ್ ಗೆಟ್ ಐಆರ್‌ಕ್ಯೂ’ ಫಂಕ್ಷನ್ ಕೊಟ್ಟದ್ದನ್ನೇ ಬಳಸಿ. ಅಂದಹಾಗೆ, ಪೈ 4ರ ಹೆಚ್ಚುವರಿ ಯುಆರ್ಟ್‌ಗಳೂ ಇದೇ 153ರಲ್ಲೇ ಇವೆ. ದಾವಣಗೆರೆಯವರಿಗೆ ಹೇಳಿದ ‘ನನ್ನದಲ್ಲ’ ನಿಯಮ ನಿಮಗೂ ಬೇಕಾಗುತ್ತದೆ.

ಇನ್ನು ಬೈಗುಳದ ವಿಷಯ. ಹ್ಯಾಂಡ್ಲರ್ ಒಳಗೆ ನಿದ್ದೆ ಮಾಡುವ ಹಾಗಿಲ್ಲ. ಅದು ಪ್ರೋಸೆಸ್ ಅಲ್ಲ, ಓಡುತ್ತಿದ್ದ ಯಾರದ್ದೋ ಕೆಲಸದ ನಡುವೆ ನುಗ್ಗಿ ಬಂದದ್ದು. ಮಲಗಿಸಿದರೆ ಆಮೇಲೆ ಎಬ್ಬಿಸಲು ಷೆಡ್ಯೂಲರ್ ಬಳಿ ಅದರ ಹೆಸರೇ ಇರುವುದಿಲ್ಲ. ಐಟುಸಿಯಲ್ಲಿ ಒಂದು ಬೈಟ್ ಓದಬೇಕಾದರೂ ಕಾಯಬೇಕು, ಆ ಕಾಯುವಿಕೆಯೇ ನಿದ್ದೆ. ಇದಕ್ಕೆ 2009ರಲ್ಲಿ, 2.6.30 ಕರ್ನಲ್‌ನಿಂದ, ‘ರಿಕ್ವೆಸ್ಟ್ ಥ್ರೆಡೆಡ್ ಐಆರ್‌ಕ್ಯೂ’ ಬಂತು. ಮೊದಲ ಹ್ಯಾಂಡ್ಲರ್ ಜಾಗಕ್ಕೆ ನಲ್ (ಖಾಲಿ) ಕೊಡಿ, ಐಟುಸಿ ಓದುವ ಕೋಡನ್ನು ಎರಡನೇ, ಅಂದರೆ ಥ್ರೆಡ್ ಫಂಕ್ಷನ್‌ಗೆ ಹಾಕಿ. ಥ್ರೆಡ್ ಬೇಕಾದಷ್ಟು ಹೊತ್ತು ಕಾಯಬಹುದು.

ಜೊತೆಗೆ ‘ಒನ್‌ಶಾಟ್’ ಫ್ಲ್ಯಾಗ್ ಹಾಕಲೇಬೇಕು. ಸೆನ್ಸರ್ ತನ್ನ ಡೇಟಾ ಓದುವ ತನಕ ಲೈನ್ ಹಿಡಿದುಕೊಂಡೇ ಇರುವಂಥದ್ದಾದರೆ, ಓದುವ ಥ್ರೆಡ್‌ಗೆ ಓಡಲು ಅವಕಾಶ ಸಿಗುವ ಮೊದಲೇ ಇಂಟರಪ್ಟ್ ಮತ್ತೆ ಮತ್ತೆ ಬಂದು ಸಿಪಿಯು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒನ್‌ಶಾಟ್ ಇದ್ದರೆ ಥ್ರೆಡ್ ಮುಗಿಯುವ ತನಕ ಆ ಲೈನ್ ಮುಚ್ಚಿರುತ್ತದೆ. ಮೊದಲ ಹ್ಯಾಂಡ್ಲರ್ ನಲ್ ಇದ್ದು ಈ ಫ್ಲ್ಯಾಗ್ ಮರೆತರೆ ಕರ್ನಲ್ ಸಾಮಾನ್ಯವಾಗಿ ನಿಮ್ಮ ಕೋರಿಕೆಯನ್ನು ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತ ವಾಪಸ್ ಕಳಿಸುತ್ತದೆ. ಪ್ರೋಬ್ (ಡ್ರೈವರ್ ತನ್ನ ಡಿವೈಸನ್ನು ಸಿದ್ಧಗೊಳಿಸುವ ಹಂತ) ಫೇಲ್ ಆಗಿ ಆ ಎರರ್ ಕಂಡರೆ ವೈರಿಂಗ್ ಕಿತ್ತು ನೋಡುವ ಮೊದಲು ಆ ಸಾಲನ್ನು ಇನ್ನೊಮ್ಮೆ ಓದಿ.