ಹೆಚ್ಚು ಹೊತ್ತು ಆಡಿದವರಿಗಾ, ಹೊಸದು ಕಲಿತವರಿಗಾ?

ಕಳೆದ ಸಂಚಿಕೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ‘ಮೋಸ್ಟ್ ಇಂಪ್ರೂವ್ಡ್ ಪ್ಲೇಯರ್’ ಪ್ರಶಸ್ತಿ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಹಿಂದಿನ ಸೀಸನ್‌ಗಿಂತ ಅತಿ ಹೆಚ್ಚು ಸುಧಾರಿಸಿದ ಆಟಗಾರನಿಗೆ ಕೊಡುವ ಪ್ರಶಸ್ತಿ ಅದು. ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಈ ಸಲದ ಜಾಗ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಹಿಂದಿನ ವರ್ಷಕ್ಕಿಂತ ಯಾರ ಅಂಕ ಜಾಸ್ತಿ ಏರಿದೆಯೋ ಅವರಿಗೆ ಕೊಟ್ಟರೆ ಆಯ್ತಲ್ವಾ? ಇದರಲ್ಲಿ ವಾದ ಮಾಡೋದಕ್ಕೆ ಏನಿದೆ?

ಇದೆ. ನಾನು ಹನ್ನೆರಡು ವರ್ಷ ಸ್ಕೋರ್ ಟೇಬಲ್ ಹತ್ತಿರ ಕೂತು ಶೀಟ್ ತುಂಬಿದವನು. ಆ ಹಾಳೆ ಸುಳ್ಳು ಹೇಳುವುದಿಲ್ಲ. ಆದರೆ ಪೂರ್ತಿ ಕಥೆಯನ್ನೂ ಹೇಳುವುದಿಲ್ಲ.

ಒಂದು ಲೆಕ್ಕ ನೋಡಿ. 2012ರಲ್ಲಿ ಈ ಪ್ರಶಸ್ತಿ ಗೆದ್ದವರು ಒರ್ಲ್ಯಾಂಡೊ ತಂಡದ ರಯಾನ್ ಆಂಡರ್ಸನ್. ಪಂದ್ಯಕ್ಕೆ ಸರಾಸರಿ 10.6 ಇದ್ದ ಅಂಕ 16.1ಕ್ಕೆ ಹೋಗಿತ್ತು. ದೊಡ್ಡ ಜಿಗಿತ ಅನ್ನಿಸುತ್ತದೆ. ಈಗ ಅವರು ಅಂಗಳದಲ್ಲಿದ್ದ ಹೊತ್ತು ನೋಡಿ. ಮೊದಲು 22.2 ನಿಮಿಷ, ಆಮೇಲೆ 32.2 ನಿಮಿಷ. ಎರಡನ್ನೂ 36 ನಿಮಿಷದ ಅಳತೆಗೆ ತಂದರೆ 17.2 ಅಂಕ, 18.0 ಅಂಕ. ವ್ಯತ್ಯಾಸ ಒಂದು ಅಂಕಕ್ಕೂ ಕಡಿಮೆ! ಆಂಡರ್ಸನ್ ಒಳ್ಳೆಯ ಆಟಗಾರ. ದೂರದಿಂದ ಚೆನ್ನಾಗಿ ಎಸೆಯುತ್ತಿದ್ದರು, ಬುಟ್ಟಿ ತಪ್ಪಿ ಪುಟಿದ ಚೆಂಡಿಗೂ (ರೀಬೌಂಡ್) ಬೀಳುತ್ತಿದ್ದರು. ಆದರೆ ಆ ವರ್ಷ ಬದಲಾಗಿದ್ದು ಮುಖ್ಯವಾಗಿ ಕೋಚ್ ಕೊಟ್ಟ ಹತ್ತು ನಿಮಿಷ.

ಇದೇ ಲೆಕ್ಕವನ್ನು 2016ರ ವಿಜೇತ, ಪೋರ್ಟ್‌ಲ್ಯಾಂಡ್‌ನ ಸಿ.ಜೆ. ಮೆಕ್ಕಾಲಮ್‌ಗೆ ಹಾಕಿ. 6.8ರಿಂದ 20.8 ಅಂಕ, 15.7ರಿಂದ 34.8 ನಿಮಿಷ. ಹಿಂದಿನ ಬೇಸಿಗೆಯಲ್ಲಿ ಆಲ್ಡ್ರಿಜ್, ಮ್ಯಾಥ್ಯೂಸ್, ಬಟೂಮ್, ರಾಬಿನ್ ಲೋಪೆಜ್ ನಾಲ್ವರೂ ತಂಡ ಬಿಟ್ಟಿದ್ದರು, ಜಾಗ ತಾನಾಗಿ ಖಾಲಿ ಆಯ್ತು. ಆದರೂ 36 ನಿಮಿಷಕ್ಕೆ 15.6 ಇದ್ದದ್ದು 21.5 ಆಗಿದೆ. ಜಾಗ ಸಿಕ್ಕಿದ್ದು ಅದೃಷ್ಟ, ಅದನ್ನು ತುಂಬಿದ್ದು ಅವರೇ. ಎದುರಾಳಿಯ ಗಮನವೆಲ್ಲ ನಮ್ಮ ಮೇಲೇ ಬಿದ್ದಾಗ ಅದೇ ವೇಗದಲ್ಲಿ ಅಂಕ ಗಳಿಸುವುದೇ ಕಷ್ಟ. ಮೆಕ್ಕಾಲಮ್ ಆ ವೇಗವನ್ನೂ ಹೆಚ್ಚಿಸಿಕೊಂಡರು. ಹಾಗಾಗಿ ಆ ವರ್ಷದ ಆಯ್ಕೆ ನನಗೆ ಪೂರ್ತಿ ಒಪ್ಪಿಗೆ.

ಪ್ರಶ್ನೆ: ನಾನು ಕಾಲೇಜು ತಂಡದಲ್ಲಿ ಆಡುತ್ತೇನೆ. ನಿಮ್ಮ ಕೈಗೆ ವೋಟು ಕೊಟ್ಟರೆ ಯಾರಿಗೆ ಹಾಕುತ್ತೀರಿ ಸರ್?

ಹೋದ ವರ್ಷ ಮಾಡಲು ಬರದಿದ್ದ ಕೆಲಸವನ್ನು ಈ ವರ್ಷ ಮಾಡುವವರಿಗೆ.

ಇದು ನನ್ನ ತಲೆಗೆ ಹೊಕ್ಕಿದ್ದು ಒಬ್ಬ ಹುಡುಗನಿಂದ. ಒಳ್ಳೆಯ ಓಟಗಾರ, ಆದರೆ ಎಡಗೈ ಇಲ್ಲವೇ ಇಲ್ಲ ಅನ್ನುವ ಹಾಗೆ ಆಡುತ್ತಿದ್ದ. ಎದುರಾಳಿಗಳಿಗೆ ಅದು ಗೊತ್ತಿತ್ತು. ಅವನ ಬಲಗಡೆಗೆ ಅಡ್ಡ ನಿಂತರೆ ಸಾಕು, ಚೆಂಡು ಹಿಂದಕ್ಕೆ ಪಾಸ್ ಆಗುತ್ತಿತ್ತು. ಆ ರಜೆಯಲ್ಲಿ ಅಭ್ಯಾಸ ಮುಗಿದ ಮೇಲೂ ಅವನು ಒಬ್ಬನೇ ಉಳಿಯುತ್ತಿದ್ದ. ಬಲಗೈಯನ್ನು ನಿಕ್ಕರಿನ ಸೊಂಟಪಟ್ಟಿಯೊಳಗೆ ತೂರಿಸಿಕೊಂಡು ಬರೀ ಎಡಗೈಯಲ್ಲಿ ಡ್ರಿಬಲ್, ಎಡಗೈಯಲ್ಲೇ ಲೇಅಪ್ (ಬುಟ್ಟಿ ಹತ್ತಿರಕ್ಕೆ ಓಡಿ ಬಂದು ಹಾಕುವುದು). ಮೊದಲ ವಾರ ಚೆಂಡು ಬೋರ್ಡಿನ ಅಂಚಿಗೆ ಬಡಿದು ಎಲ್ಲೆಲ್ಲೋ ಹಾರುತ್ತಿತ್ತು. ಎತ್ತಿಕೊಂಡು ಬಂದು ಮತ್ತೆ ಶುರು. ಮುಂದಿನ ಸೀಸನ್‌ನಲ್ಲಿ ಅವನ ಅಂಕ ಹೆಚ್ಚುಕಡಿಮೆ ಅಷ್ಟೇ ಇತ್ತು. ನಾನೇ ಬರೆದ ಹಾಳೆ, ನನಗೆ ಗೊತ್ತು. ಆದರೆ ಅವನ ಎದುರು ನಿಂತವರ ಕಾಲು ನೋಡಬೇಕಿತ್ತು. ಯಾವ ಕಡೆ ಅಡ್ಡ ಹಾಕಬೇಕು ಅಂತ ತಿಳಿಯದೆ ಇಬ್ಬಿಬ್ಬರು ಬರುತ್ತಿದ್ದರು. ಆಗ ಪಕ್ಕದವನು ಖಾಲಿ ಸಿಗುತ್ತಿದ್ದ. ಆ ಬುಟ್ಟಿಗಳೆಲ್ಲ ಪಕ್ಕದವನ ಹೆಸರಿಗೇ ಹೋದವು. ವರ್ಷದ ಕೊನೆಗೆ ಬಹುಮಾನವೂ ಆ ಪಕ್ಕದವನಿಗೇ ಹೋಯಿತು. ಅದು ನನಗೆ ಈಗಲೂ ನೋವು.

ಎನ್‌ಬಿಎಗೆ ಬರೋಣ. ಈ ಕಣ್ಣಿನಿಂದ ನೋಡಿದರೆ 2019ರ ಪಾಸ್ಕಲ್ ಸಿಯಾಕಮ್ ಗೆಲುವು ನನಗೆ ತುಂಬಾ ಇಷ್ಟ. ಕ್ಯಾಮರೂನ್‌ನವರು, ಹದಿಹರೆಯ ಮುಗಿಯುತ್ತಾ ಬಂದಾಗಷ್ಟೇ ಬ್ಯಾಸ್ಕೆಟ್‌ಬಾಲ್ ಗಂಭೀರವಾಗಿ ಹಿಡಿದವರು. ಮೊದಲು ಅವರ ತ್ರೀ ಪಾಯಿಂಟರ್, ಅಂದರೆ ದೂರದ ಗೆರೆಯಾಚೆಯಿಂದ ಎಸೆಯುವ ಮೂರು ಅಂಕದ ಎಸೆತ, ಶೇ 22 ಮಾತ್ರ ಬೀಳುತ್ತಿತ್ತು. ದೂರ ನಿಂತರೆ ಯಾರೂ ಕಾಯುತ್ತಲೇ ಇರಲಿಲ್ಲ. ಮುಂದಿನ ವರ್ಷ ಅದು ಶೇ 37ರ ಹತ್ತಿರ ಬಂತು. ಎದುರಾಳಿ ಹತ್ತಿರ ಬರಲೇಬೇಕಾಯ್ತು. ಹತ್ತಿರ ಬಂದವನನ್ನು ಸಿಯಾಕಮ್ ಗಿರಕಿ ಹೊಡೆದು ದಾಟಿ ಹೋದರು. 7.3 ಅಂಕ 16.9 ಆಯ್ತು. ಅವರ ತಂಡ ಟೊರಾಂಟೊ ಅದೇ ವರ್ಷ ಚಾಂಪಿಯನ್ ಆಯ್ತು.

2025ರ ವಿಜೇತ, ಅಟ್ಲಾಂಟಾದ ಡೈಸನ್ ಡೇನಿಯಲ್ಸ್ ಕೂಡ ಸರಿಯಾದ ಆಯ್ಕೆ. ಆಸ್ಟ್ರೇಲಿಯಾದ ಈ ಹುಡುಗ ಪಂದ್ಯಕ್ಕೆ 3 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಸರಾಸರಿ ಮುಟ್ಟಿದರು. 1990–91ರಲ್ಲಿ ಆಲ್ವಿನ್ ರಾಬರ್ಟ್‌ಸನ್ ಮುಟ್ಟಿದ ಮೇಲೆ ಬೇರೆ ಯಾರಿಗೂ ಅದು ಆಗಿರಲಿಲ್ಲ. ಈ ರಾಬರ್ಟ್‌ಸನ್ ಯಾರು ಗೊತ್ತಾ? 1986ರಲ್ಲಿ ಈ ಪ್ರಶಸ್ತಿ ಶುರುವಾದಾಗ ಮೊದಲು ಗೆದ್ದವರು. ಆ ಒಂದೇ ಸೀಸನ್‌ನಲ್ಲಿ 301 ಸ್ಟೀಲ್, ಇವತ್ತಿಗೂ ದಾಖಲೆ. ಅಂದರೆ ಈ ಪ್ರಶಸ್ತಿ ಹುಟ್ಟಿದ್ದೇ ಚೆಂಡು ಕಸಿಯುವವರ ಕೈಯಲ್ಲಿ. ನಡುವೆ ಅಂಕ ಎಣಿಸುವುದೇ ಅಭ್ಯಾಸವಾಗಿ ಹೋಯಿತು.

ಸಿಗದೇ ಹೋದವರನ್ನೂ ಹೇಳಲೇಬೇಕು. ಬ್ರೂಕ್ ಲೋಪೆಜ್ ಮೊದಲ ಎಂಟು ಸೀಸನ್ ಸೇರಿಸಿ ಎಸೆದ ತ್ರೀ ಪಾಯಿಂಟರ್ 31, ಬಿದ್ದಿದ್ದು 3. ಒಂಬತ್ತನೇ ಸೀಸನ್ 2016–17ರಲ್ಲಿ ಒಂದೇ ವರ್ಷಕ್ಕೆ 134 ಹಾಕಿದರು! ಏಳು ಅಡಿ ಎತ್ತರದವರು, ಎಂಟು ವರ್ಷ ಬುಟ್ಟಿ ಕೆಳಗೇ ನಿಂತು ಹೊಟ್ಟೆ ತುಂಬಿಸಿಕೊಂಡವರು ಹೊರಗೆ ಬಂದು ಹೊಸದಾಗಿ ಕಲಿತರು. ಅಂಕದ ಸರಾಸರಿ ಮಾತ್ರ ಹಿಂದಿನಷ್ಟೇ, 20ರ ಆಸುಪಾಸು. ಹಾಗಾಗಿ ಪ್ರಶಸ್ತಿ ಬರಲಿಲ್ಲ. ಲಾನ್ಜೊ ಬಾಲ್ ಬಲಗೈಯವರಾದರೂ ಚೆಂಡನ್ನು ಮುಖದ ಎಡಕ್ಕೆ ಎಳೆದುಕೊಂಡು ಎಸೆಯುತ್ತಿದ್ದರು. ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬಾರದೆ ಎಸೆಯುವುದು) ಶೇ 42ಕ್ಕೆ ಇಳಿದಿತ್ತು. ಎಸೆಯುವ ಶೈಲಿಯನ್ನೇ ಬಿಚ್ಚಿ ಮತ್ತೆ ಕಟ್ಟಿದರು, ಎರಡು ವರ್ಷದಲ್ಲಿ ಶೇ 78 ಆಯ್ತು. ಚಿಕ್ಕಂದಿನಿಂದ ಕೈಗೆ ಕೂತ ಅಭ್ಯಾಸ ಬಿಡಿಸುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ನಿನಗೂ ಗೊತ್ತಿರುತ್ತದೆ.

ಪ್ರಶ್ನೆ: 2022ರಲ್ಲಿ ಜಾ ಮೊರಾಂಟ್‌ಗೆ ಕೊಟ್ಟಿದ್ದು ಸರಿಯಾ? ಆತ ಮೊದಲಿನಿಂದಲೂ ಸ್ಟಾರ್ ಅಲ್ವಾ?

ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ. ಮೊರಾಂಟ್ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ) ಎರಡನೆಯವರಾಗಿ ಬಂದವರು, 2020ರಲ್ಲಿ ವರ್ಷದ ಅತ್ಯುತ್ತಮ ರೂಕಿ, ಅಂದರೆ ಹೊಸ ಆಟಗಾರ. ಆ ಪ್ರಶಸ್ತಿ, ಈ ಪ್ರಶಸ್ತಿ ಎರಡನ್ನೂ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. 19.1ರಿಂದ 27.4 ಅಂಕಕ್ಕೆ ಏರುವುದು ಸಣ್ಣ ಮಾತಲ್ಲ. ಆದರೆ ಅಂಥವರು ಏರುತ್ತಾರೆ ಅಂತ ಎಲ್ಲರೂ ಕಾದೇ ಇರುತ್ತಾರೆ. ಅವರದೇ ಮೆಂಫಿಸ್ ತಂಡದ ಡೆಸ್ಮಂಡ್ ಬೇನ್ 30ನೇ ಆಯ್ಕೆ. 9.2 ಅಂಕದಿಂದ 18.2ಕ್ಕೆ ಹೋದರು. ದೂರದಿಂದ ಎಸೆದಿದ್ದು ಮೊದಲಿಗಿಂತ ತುಂಬಾ ಜಾಸ್ತಿ, ಗುರಿ ಮಾತ್ರ ಒಂಚೂರೂ ತಪ್ಪಲಿಲ್ಲ. ಮೊರಾಂಟ್ ಅವರೇ ಆ ಟ್ರೋಫಿಯನ್ನು ಬೇನ್‌ಗೆ ಒಯ್ದು ಕೊಟ್ಟರು. ದಿನಾ ಜೊತೆಗೆ ಅಭ್ಯಾಸ ಮಾಡಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಹಾಗಂತ ಸ್ಟಾರ್‌ಗಳಿಗೆ ಕೊಡಲೇಬಾರದು ಅಂತಲ್ಲ. 2017ರ ಯಾನಿಸ್ ಆಂಟೆಟೊಕೌಂಪೊಗೆ ನಾನೂ ವೋಟು ಹಾಕುತ್ತಿದ್ದೆ. ಅಂಕ, ರೀಬೌಂಡ್, ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್), ಸ್ಟೀಲ್, ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಐದರಲ್ಲೂ ಆ ವರ್ಷ ತಮ್ಮ ತಂಡಕ್ಕೆ ಅವರೇ ಮೊದಲು.

ಪ್ರಶ್ನೆ: ವೋಟು ಹಾಕುವವರು ಯಾರು? ಟ್ರೋಫಿಗೆ ಯಾರದ್ದೋ ಹೆಸರಿದೆಯಂತೆ?

ಕ್ರೀಡಾ ಬರಹಗಾರರು, ಪ್ರಸಾರಕರು ಸೇರಿ ಸುಮಾರು ನೂರು ಜನ. ಮೊದಲ ಆಯ್ಕೆಗೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಪಾಯಿಂಟ್. 2024ರಲ್ಲಿ ಟೈರೀಸ್ ಮ್ಯಾಕ್ಸಿ, ಕೋಬಿ ವೈಟ್ ನಡುವೆ ಅಂತರ ಬರೀ 14 ಪಾಯಿಂಟ್. 2023–24ರಿಂದ ಕನಿಷ್ಠ 65 ಪಂದ್ಯ ಆಡಿರಬೇಕು ಅನ್ನುವ ನಿಯಮವೂ ಬಂದಿದೆ.

ಟ್ರೋಫಿಗೆ ಇರುವುದು ಎನ್‌ಬಿಎಯ ಮೊದಮೊದಲ ದಿನಗಳ ದೊಡ್ಡ ತಾರೆ ಜಾರ್ಜ್ ಮೈಕನ್ ಹೆಸರು. ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ. ಕಾಲೇಜಿಗೆ ಬಂದಾಗ ಮೈಕನ್ ಬರೀ ಉದ್ದ, ಕೈಕಾಲಿಗೆ ಹೊಂದಾಣಿಕೆ ಇರಲಿಲ್ಲ. ಕೋಚ್ ರೇ ಮೇಯರ್ ಹಗ್ಗ ಜಿಗಿಸಿದರು, ಬುಟ್ಟಿ ಕೆಳಗೆ ನಿಲ್ಲಿಸಿ ಬಲಗೈಯಲ್ಲೊಂದು, ಎಡಗೈಯಲ್ಲೊಂದು ಹಾಕಿಸಿದರು. ಈಗಲೂ ಎಲ್ಲ ಕಡೆ ಮಕ್ಕಳು ಮಾಡುವ ‘ಮೈಕನ್ ಡ್ರಿಲ್’ ಅದೇ.

ಪ್ರಶ್ನೆ: ಮಹಿಳೆಯರ ಲೀಗ್‌ನಲ್ಲೂ ಇದೆಯಾ?

ಇದೆ, 2000ದಿಂದ. ನನ್ನ ಆಯ್ಕೆ 2022ರ ಜ್ಯಾಕಿ ಯಂಗ್. ತ್ರೀ ಪಾಯಿಂಟರ್ ಶೇ 25 ಇದ್ದದ್ದು ಒಂದೇ ವರ್ಷದಲ್ಲಿ ಶೇ 43. ಅವರ ತಂಡ ಲಾಸ್ ವೇಗಸ್‌ಗೆ ಮೊದಲ ಕಪ್ ಬಂದಿದ್ದೂ ಅದೇ ವರ್ಷ.

ಪ್ರಶ್ನೆ: ನಾನು ಶಾಲೆಯಲ್ಲಿ ಹೆಣ್ಣುಮಕ್ಕಳ ತಂಡ ನೋಡಿಕೊಳ್ಳುತ್ತೇನೆ. ವರ್ಷದ ಕೊನೆಗೆ ಇಂಥದ್ದೇ ಒಂದು ಬಹುಮಾನ ಕೊಡಬೇಕು ಅಂತಿದ್ದೇನೆ. ಯಾರಿಗೂ ಬೇಜಾರಾಗದ ಹಾಗೆ ಹೇಗೆ ಆರಿಸಲಿ?

ಮೇಡಂ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ಬಹುಮಾನ ಕೊನೆಯಲ್ಲಿ ಆರಿಸಬೇಡಿ, ಈಗಲೇ ಶುರು ಮಾಡಿ. ಮೊದಲ ವಾರದಲ್ಲೇ ಪ್ರತಿ ಹುಡುಗಿಯಿಂದ 25 ಫ್ರೀ ಥ್ರೋ, ಎಡಗೈಯಲ್ಲಿ 10 ಲೇಅಪ್, ಬಲಗೈಯಲ್ಲಿ 10 ಹಾಕಿಸಿ. ಎಡಚಿ ಇದ್ದರೆ ಅವಳಿಗೆ ಬಲಗೈ ಮುಖ್ಯ ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಒಬ್ಬೊಬ್ಬಳನ್ನೇ ಕರೆದು ‘ನಿನಗೆ ಏನು ಬರಲ್ಲ?’ ಅಂತ ಕೇಳಿ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದಿಡಿ. ‘ಓಡುತ್ತಾ ತಲೆ ಎತ್ತಿ ನೋಡೋಕೆ ಆಗಲ್ಲ’ ಅಂದರೆ ಅಷ್ಟೇ ಬರೆಯಿರಿ. ಫೋನಿನಲ್ಲಿ ಎರಡು ನಿಮಿಷದ ವಿಡಿಯೊವನ್ನೂ ಮಾಡಿಕೊಳ್ಳಿ.

ವರ್ಷದ ಕೊನೆಗೆ ಅದೇ ಪರೀಕ್ಷೆ, ಅದೇ ಬುಟ್ಟಿ, ಅದೇ ಚೆಂಡು. ಎರಡೂ ಹಾಳೆ, ಎರಡೂ ವಿಡಿಯೊ ಎಲ್ಲ ಮಕ್ಕಳ ಎದುರಿಗೆ ಇಡಿ. ಬೆಂಚಿನಲ್ಲೇ ಕೂತ ಹುಡುಗಿಯೂ ಗೆಲ್ಲಬಹುದು, ಅದಕ್ಕೆ ಹಿಂಜರಿಯಬೇಡಿ. ವೋಟು ಹಾಕುವ ಕೆಲಸ ಮಕ್ಕಳಿಗೇ ಬಿಟ್ಟುಬಿಡಿ. ಗೆದ್ದವಳಿಗೆ ಕಪ್ ಜೊತೆ ಆ ಮೊದಲ ವಾರದ ಹಾಳೆಯನ್ನೂ ಕೊಡಿ.