ಸ್ಪ್ಯಾನಿಷ್ ಪ್ರಶ್ನೋತ್ತರ: ‘ನಾಳೆ ಮಾತಾಡುತ್ತೇನೆ’ ಎನ್ನುವುದು ಹೇಗೆ?

(ಸ್ಪ್ಯಾನಿಷ್ ಪದಗಳಲ್ಲಿ ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದೆ. ಆ ಭಾಷೆಯಲ್ಲಿ ಹ್ರಸ್ವ–ದೀರ್ಘ ಭೇದವಿಲ್ಲ. ಓದುವಾಗ ಎಳೆಯಬೇಡಿ, ಒತ್ತಿ ಹೇಳಿ.)

ಪ್ರಶ್ನೆ: ‘ಅಬ್ಲಾರ್’ (ಮಾತಾಡು) ಕ್ರಿಯಾಪದದ ಭವಿಷ್ಯತ್ ರೂಪವನ್ನು ‘ಅಬ್ಲೇ’ ಎಂದು ಬರೆದೆ. ಅದು ಭೂತಕಾಲ ಎಂದು ತಿದ್ದಿದರು. ವರ್ತಮಾನದಲ್ಲಿ ‘ಆರ್’ ಕತ್ತರಿಸುತ್ತೇವೆ, ಭವಿಷ್ಯತ್ತಿನಲ್ಲಿ ಏಕೆ ಬೇಡ?

ಉತ್ತರ: ಭವಿಷ್ಯತ್ತಿನಲ್ಲಿ ಏನನ್ನೂ ಕತ್ತರಿಸಬಾರದು. ಪೂರ್ತಿ ಮೂಲರೂಪಕ್ಕೇ ಪ್ರತ್ಯಯ ಹತ್ತುತ್ತದೆ: ಅಬ್ಲರೇ (ನಾನು), ಅಬ್ಲರಾಸ್ (ನೀನು), ಅಬ್ಲರಾ (ಅವನು, ಅವಳು), ಅಬ್ಲರೇಮೊಸ್ (ನಾವು), ಅಬ್ಲರೇಯ್ಸ್ (ಸ್ಪೇನ್‌ನಲ್ಲಿ ‘ನೀವೆಲ್ಲ’), ಅಬ್ಲರಾನ್ (ಅವರು). ‘ಆರ್’ ತೆಗೆದು ‘ಏ’ ಹಚ್ಚಿದರೆ ‘ನಾನು ಮಾತಾಡಿದೆ’ ಎಂದಾಗುತ್ತದೆ. ನಿಮಗಾದದ್ದು ಅದೇ.

ಕಾರಣ ಹಳೆಯದು. ಲ್ಯಾಟಿನ್ನಿನ ಆಡುಮಾತಿನಲ್ಲಿ ಮೂಲರೂಪದ ಮುಂದೆ ‘ಹಬೆರೆ’ ಎಂಬ ಸಹಾಯಕ ಕ್ರಿಯಾಪದ ಬರುತ್ತಿತ್ತು. ಅದು ಸವೆದು ಬಾಲವಾಗಿ ಅಂಟಿಕೊಂಡಿತು. ನಮ್ಮ ‘ಹಾಡಲು + ಇದ್ದೇನೆ’ ಸೇರಿ ‘ಹಾಡಲಿದ್ದೇನೆ’ ಆದ ಹಾಗೆಯೇ. ಆದ್ದರಿಂದಲೇ ಆರ್, ಎರ್, ಇರ್ ಎಂದು ಕೊನೆಯಾಗುವ ಮೂರೂ ಗುಂಪಿನ ಕ್ರಿಯಾಪದಗಳಿಗೆ ಪ್ರತ್ಯಯ ಒಂದೇ: ಕೊಮೆರೇ (ತಿನ್ನುತ್ತೇನೆ), ವಿವಿರೇ (ಬಾಳುತ್ತೇನೆ). ವರ್ತಮಾನದಲ್ಲಿ ಸ್ವರ ಬದಲಿಸಿ ಕಾಡುವ ‘ದೊರ್ಮೀರ್’ (ಮಲಗು) ಕೂಡ ಇಲ್ಲಿ ಸಾಧು: ದೊರ್ಮಿರೇ. ಅಪವಾದಗಳು ಸುಮಾರು ಹನ್ನೆರಡು; ಅವುಗಳಲ್ಲೂ ಕೆಡುವುದು ಧಾತು ಮಾತ್ರ, ಪ್ರತ್ಯಯವಲ್ಲ (ತೆನೇರ್ → ತೆಂದ್ರೇ).

ಪ್ರಶ್ನೆ: ಸ್ಪ್ಯಾನಿಷ್ ಲಿಪಿಯಲ್ಲಿ ಸ್ವರದ ಮೇಲೆ ಹಾಕುವ ಓರೆಗೀಟು (á, é) ಬಿಟ್ಟರೆ ಅರ್ಥ ಕೆಡುತ್ತದೆಯೇ?

ಉತ್ತರ: ಕೆಡುತ್ತದೆ. ‘ಅಬ್ಲರಾ’ ಎಂದರೆ ಮಾತಾಡುತ್ತಾನೆ. ಗೀಟು ಬಿಟ್ಟರೆ ಒತ್ತು ಹಿಂದೆ ಸರಿದು ‘ಅಬ್ಲಾರ’ ಆಗುತ್ತದೆ, ಅದು ‘ಮಾತಾಡಿದ್ದರೆ’ ಎಂಬಂಥ ಬೇರೆಯೇ ರೂಪ. ಆರರಲ್ಲಿ ಐದಕ್ಕೆ ಗೀಟು ಬೇಕು, ‘ನಾವು’ ರೂಪಕ್ಕೆ ಮಾತ್ರ ಬೇಡ.

ಪ್ರಶ್ನೆ: ‘ನೀವು ಮಾತಾಡುತ್ತೀರಿ’ ಎಂದು ಹಿರಿಯರಿಗೆ ಹೇಳಲು ‘ಅಬ್ಲರೇಯ್ಸ್’ ಸರಿಯೇ?

ಉತ್ತರ: ಅಲ್ಲ. ಕನ್ನಡದಲ್ಲಿ ಗೌರವಕ್ಕೆ ಮಧ್ಯಮ ಪುರುಷದ ಬಹುವಚನ ಬಳಸುವುದರಿಂದ ಈ ತಪ್ಪು ಸಹಜ. ಸ್ಪ್ಯಾನಿಷ್‌ನ ಗೌರವದ ‘ಉಸ್ತೇದ್’ ಜೊತೆ ಬರುವುದು ‘ಅವನು’ ರೂಪ: ಉಸ್ತೇದ್ ಅಬ್ಲರಾ. ಇಬ್ಬರು ಮೂವರಿದ್ದರೆ ‘ಉಸ್ತೇದೆಸ್ ಅಬ್ಲರಾನ್’. ಲ್ಯಾಟಿನ್ ಅಮೆರಿಕದಲ್ಲಿ ಗೆಳೆಯರ ಗುಂಪಿಗೂ ಇದೇ.

ಪ್ರಶ್ನೆ: ಇದನ್ನು ಯಾವಾಗ ಬಳಸಬೇಕು? ಎಲ್ಲರೂ ‘ವೋಯ್ ಅ ಅಬ್ಲಾರ್’ (ಮಾತಾಡಲಿದ್ದೇನೆ) ಎನ್ನುವುದೇ ಕೇಳಿಸುತ್ತದೆ.

ಉತ್ತರ: ನಿರ್ಧರಿಸಿಯಾಗಿರುವ ಕೆಲಸಕ್ಕೆ, ದಿನನಿತ್ಯದ ಮಾತಿಗೆ ‘ವೋಯ್ ಅ’ ಸಲೀಸು, ಲ್ಯಾಟಿನ್ ಅಮೆರಿಕದಲ್ಲಂತೂ ಅದೇ ಹೆಚ್ಚು. ಭರವಸೆ, ಮುನ್ಸೂಚನೆ, ಬರವಣಿಗೆಗೆ ‘ಅಬ್ಲರೇ’ ಒಪ್ಪುತ್ತದೆ. ಆದರೆ ಈ ರೂಪ ಬಿಟ್ಟುಕೊಡದ ಜಾಗ ಊಹೆ. ಹ್ವಾನ್ ಎಲ್ಲಿ ಎಂದು ಕೇಳಿದರೆ ‘ಎಸ್ತರಾ ಎನ್ ಕಾಸ’: ‘ಮನೇಲಿರ್ತಾನೆ ಬಿಡಿ’. ಮಾತು ಈ ಹೊತ್ತಿನದು, ರೂಪ ಭವಿಷ್ಯತ್ತಿನದು. ‘ಸೆರಾನ್ ಲಸ್ ತ್ರೇಸ್’ ಎಂದರೆ ‘ಮೂರು ಗಂಟೆ ಆಗಿರಬಹುದು’. ಕನ್ನಡಿಗರಿಗೆ ಇದು ಕಷ್ಟವಲ್ಲ, ಧಾರಾಳವಾಗಿ ಬಳಸಿ.

ಬಳಸಲೇಬಾರದ ಜಾಗವೂ ಇದೆ. ಷರತ್ತಿನ ‘ಸಿ’ ಆದಮೇಲೆ ವರ್ತಮಾನ: ‘ಸಿ ವ್ಯೇನೆ, ಅಬ್ಲರೇಮೊಸ್’ (ಅವನು ಬಂದರೆ ಮಾತಾಡುತ್ತೇವೆ). ಮುಂದಿನದನ್ನು ಹೇಳುವ ‘ಕ್ವಾಂದೊ’ ಆದಮೇಲೆ ಸಬ್‌ಜಂಕ್ಟಿವ್ (ಇನ್ನೂ ನಡೆಯದ, ಖಚಿತವಲ್ಲದ ಮಾತಿಗೆ ಬಳಸುವ ಕ್ರಿಯಾರೂಪ): ‘ಕ್ವಾಂದೊ ಯೇಗೆ ಅ ಕಾಸ, ಕೊಮೆರೇ’ (ಮನೆ ತಲುಪಿದಾಗ ಊಟ ಮಾಡುತ್ತೇನೆ). ‘ಕ್ವಾಂದೊ ಯೆಗರೇ’ ತಪ್ಪು. ನಾವೂ ‘ಬಂದರೆ’, ‘ತಲುಪಿದಾಗ’ ಎಂದು ಭೂತದ ರೂಪ ಹಚ್ಚಿ, ಭವಿಷ್ಯತ್ತನ್ನು ಮುಖ್ಯವಾಕ್ಯಕ್ಕೇ ಬಿಡುತ್ತೇವಲ್ಲ.